ಚನ್ನಪಟ್ಟಣದ ಆಟಿಕೆ, ಅಮೆರಿಕದ ಗೋದಾಮು: ಅಮೆಜಾನ್ ಎಫ್‌ಬಿಎ ಸೇವೆಯ ವಿಮರ್ಶೆ

ಭಾರತದಲ್ಲಿದ್ದುಕೊಂಡು ಅಮೆರಿಕದ ಗ್ರಾಹಕರಿಗೆ ಸರಕು ಮಾರಲು ಬಯಸುವ ಸಣ್ಣ ಉದ್ಯಮಿಯ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಬೇಡಿಕೆ ಬಂದಾಗಲೆಲ್ಲ ಇಲ್ಲಿಂದಲೇ ಒಂದೊಂದು ಪಾರ್ಸೆಲ್ ಕಳುಹಿಸುವುದು ಮೊದಲನೆಯದು; ಸರಕನ್ನು ಮುಂಚಿತವಾಗಿಯೇ ಒಟ್ಟಾಗಿ ಆ ದೇಶದ ಗೋದಾಮಿಗೆ ಸೇರಿಸಿಟ್ಟು, ಅಲ್ಲಿಂದಾಚೆಗಿನ ಪ್ಯಾಕಿಂಗ್, ವಿತರಣೆ, ಗ್ರಾಹಕರ ದೂರು, ವಾಪಸು ಬಂದ ಮಾಲಿನ ನಿರ್ವಹಣೆ ಎಲ್ಲವನ್ನೂ ಮಾರುಕಟ್ಟೆ ನಡೆಸುವ ಕಂಪನಿಗೇ ಒಪ್ಪಿಸುವುದು ಎರಡನೆಯದು. ಈ ಎರಡನೆಯ ದಾರಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆಜಾನ್ 2006ರಲ್ಲಿ ಆರಂಭಿಸಿದ ‘ಫುಲ್‌ಫಿಲ್‌ಮೆಂಟ್ ಬೈ ಅಮೆಜಾನ್’ ಸೇವೆ. ವ್ಯಾಪಾರಿಗಳ ಬಾಯಲ್ಲಿ ಅದು ಎಫ್‌ಬಿಎ. ವಿದೇಶಗಳ ಅಮೆಜಾನ್ ತಾಣಗಳಲ್ಲಿ ಭಾರತದ ಮಾರಾಟಗಾರರಿಗೆ ಅಂಗಡಿ ತೆರೆಯಲು ಅವಕಾಶ ಕೊಡುವ ‘ಗ್ಲೋಬಲ್ ಸೆಲ್ಲಿಂಗ್’ ಯೋಜನೆ 2015ರಲ್ಲಿ ನಮ್ಮಲ್ಲಿಗೆ ಬಂದಿತು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಚ್ಚಿದ ಮರದ ಆಟಿಕೆ ತಯಾರಿಸುವ ಸಣ್ಣ ಘಟಕವೊಂದರ ರಫ್ತಿನ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಮಾಲು ಅಮೆರಿಕಕ್ಕೆ ಹೋಗುವುದು ಈ ಸೇವೆಯ ಮೂಲಕವೇ. ಆದ್ದರಿಂದ ಈ ವಿಮರ್ಶೆ ಆಟಿಕೆಯನ್ನು ಮುಂದಿಟ್ಟುಕೊಂಡು ಬರೆದದ್ದು; ಅಗರಬತ್ತಿ, ಬಟ್ಟೆ, ಆಭರಣಗಳವರು ತಮ್ಮ ತಮ್ಮ ಸರಕಿನ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಗೋದಾಮಿನ ಬಾಗಿಲು ದಾಟಿದ ಮೇಲೆ ಈ ಸೇವೆ ಮಾಡುವ ಕೆಲಸಕ್ಕೆ ಸರಿಸಾಟಿಯಾದುದನ್ನು ಸಣ್ಣ ಘಟಕವೊಂದು ಸ್ವಂತ ಬಲದಿಂದ ಕಟ್ಟಿಕೊಳ್ಳಲಾರದು. ಆದರೆ ಆ ಬಾಗಿಲಿನವರೆಗಿನ ಹೊಣೆ, ಅಂದರೆ ಸುರಕ್ಷತಾ ಪರೀಕ್ಷೆ, ಆಮದು, ಸುಂಕ, ಲೇಬಲ್, ಸಾಗಣೆ, ಬ್ಯಾಂಕಿನ ಲೆಕ್ಕ, ಪೂರ್ತಿಯಾಗಿ ಮಾರಾಟಗಾರನದೇ ಆಗಿ ಉಳಿಯುತ್ತದೆ. ಈ ಸೇವೆಯನ್ನು ಪರಿಚಯಿಸುವ ಕಾರ್ಯಾಗಾರಗಳಲ್ಲಿ ಬಾಗಿಲಿನ ಆಚೆಯ ಕಥೆಯನ್ನು ವಿಸ್ತಾರವಾಗಿ ಹೇಳಿ ಈಚೆಯದನ್ನು ಒಂದೆರಡು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಣ, ಸಮಯ ಎರಡೂ ಹೆಚ್ಚು ಕರಗುವುದು ಈಚೆಯ ಭಾಗದಲ್ಲಿಯೇ ಆದ್ದರಿಂದ ನಾನು ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ.

ನಮ್ಮ ದೇಶದ ಕಡೆಯ ಕಾಗದಪತ್ರಗಳು ಎಲ್ಲರೂ ಹೆದರುವಷ್ಟು ಕಷ್ಟದವಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಪಡೆಯುವ ಐಇಸಿ (ಆಮದು-ರಫ್ತುದಾರರ ಗುರುತಿನ) ಸಂಖ್ಯೆಗೆ 500 ರೂಪಾಯಿ ಶುಲ್ಕ. ಅದು ಈಗ ಪ್ಯಾನ್ ಸಂಖ್ಯೆಯೇ ಆಗಿರುತ್ತದೆ. ಜಿಎಸ್‌ಟಿಯಲ್ಲಿ ರಫ್ತಿಗೆ ಶೂನ್ಯ ದರ. ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ಆರ್‌ಎಫ್‌ಡಿ-11 ನಮೂನೆಯಲ್ಲಿ ಮುಚ್ಚಳಿಕೆ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಮಾಲು ಕಳುಹಿಸಬಹುದು. ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವಿನಿಮಯ ನಡೆಸುವ ಬ್ಯಾಂಕಿನ ಗುರುತಿನ ಸಂಖ್ಯೆ) ಪಡೆದು ಯಾವ ಬಂದರು ಅಥವಾ ವಿಮಾನ ನಿಲ್ದಾಣದಿಂದ ಸರಕು ಹೊರಡುತ್ತದೆಯೋ ಅಲ್ಲಿನ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಇವಿಷ್ಟೂ ಒಂದು ಸಲ ಕುಳಿತು ಮಾಡಿದರೆ ಮುಗಿಯುವ ಕೆಲಸಗಳು, ವರ್ಷಕ್ಕೊಮ್ಮೆ ನವೀಕರಿಸುವ ಮುಚ್ಚಳಿಕೆಯನ್ನೂ ವರ್ಷಕ್ಕೊಮ್ಮೆ ದೃಢಪಡಿಸಬೇಕಾದ ಐಇಸಿ ವಿವರಗಳನ್ನೂ ಬಿಟ್ಟರೆ.

ಕಷ್ಟವಿರುವುದು ಅಮೆರಿಕದ ಕಡೆಯಲ್ಲಿ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕಡ್ಡಾಯವಾದಾಗ, ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಸರ್ಕಾರ ವಿನಾಯಿತಿ ಕೊಟ್ಟಿತು. ಅಮೆರಿಕದ ಕಾನೂನಿಗೆ ಕುಶಲಕರ್ಮಿ, ಕಾರ್ಖಾನೆ ಎಂಬ ಭೇದವಿಲ್ಲ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆಂದು ತಯಾರಾದ ಯಾವ ವಸ್ತುವಿಗೂ ಮಕ್ಕಳ ಉತ್ಪನ್ನ ಪ್ರಮಾಣಪತ್ರ ಬೇಕು. ಆ ಪ್ರಮಾಣಪತ್ರದ ಹಿಂದೆ, ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಾನ್ಯ ಮಾಡಿದ ಪ್ರಯೋಗಾಲಯದ ವರದಿ ಇರಬೇಕು. ಆಟಿಕೆಯ ಮಾನದಂಡಕ್ಕೆ ಎಎಸ್‌ಟಿಎಂ ಎಫ್963 ಎಂದು ಹೆಸರು. ಮೇಲೆ ಹಚ್ಚಿದ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನೂ ಒಳಗಿನ ವಸ್ತುವಿನಲ್ಲಿ 100 ಭಾಗವನ್ನೂ ಮೀರುವಂತಿಲ್ಲ. ಬಣ್ಣ ಹಚ್ಚದ ಹಸಿ ಮರಕ್ಕೆ ಸೀಸದ ಪರೀಕ್ಷೆಯಿಂದ ವಿನಾಯಿತಿ ಇದೆ, ಆದರೆ ನಮ್ಮ ಆಟಿಕೆಯ ಗುರುತೇ ಅದರ ಬಣ್ಣವಾದ್ದರಿಂದ ಆ ವಿನಾಯಿತಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅರಿಶಿನ, ನೀಲಿ ಮೊದಲಾದ ಸಸ್ಯಮೂಲದ ಬಣ್ಣವನ್ನು ಅರಗಿನಲ್ಲಿ ಬೆರೆಸಿ, ಲೇತ್‌ನಲ್ಲಿ ತಿರುಗುವ ಆಲೆ ಮರಕ್ಕೆ ಒತ್ತಿ ಹಿಡಿದಾಗ ಹುಟ್ಟುವ ಬಿಸಿಯಿಂದಲೇ ಬಣ್ಣ ಕರಗಿ ಮೆತ್ತಿಕೊಳ್ಳುವ ಈ ವಿಧಾನದಲ್ಲಿ ಸೀಸ ಬರುವುದಕ್ಕೆ ಕಾರಣವಿಲ್ಲ. ಆದರೂ ಸಾಬೀತು ಮಾಡಬೇಕಾದದ್ದು ನಾವೇ, ಅದೂ ಪ್ರತಿಯೊಂದು ಬಣ್ಣಕ್ಕೆ ಬೇರೆ ಬೇರೆಯಾಗಿ.

ಇದರ ಪರಿಣಾಮ ನೇರವಾಗಿ ವ್ಯಾಪಾರದ ಮೇಲೆ ಆಗುತ್ತದೆ. ಅಂಗಡಿಯಲ್ಲಿ ಮೂವತ್ತು ಬಗೆಯ ಆಟಿಕೆ ಇಟ್ಟವನು ಮೂವತ್ತನ್ನೂ ವಿದೇಶಕ್ಕೆ ಕಳುಹಿಸಲು ಹೊರಟರೆ ಪರೀಕ್ಷೆಯ ಖರ್ಚೇ ಬಂಡವಾಳವನ್ನು ನುಂಗುತ್ತದೆ. ಕೆಂಪು, ಹಳದಿ, ಹಸಿರು, ನೀಲಿ ಎಂದು ನಾಲ್ಕೈದು ಬಣ್ಣಗಳಿಗೆ ಸೀಮಿತವಾಗಿ, ಅದೇ ಬಣ್ಣಗಳನ್ನು ಬಳಸುವ ಕೆಲವೇ ಮಾದರಿಗಳನ್ನು ಆರಿಸಿಕೊಳ್ಳುವುದು ಜಾಣತನ. ಗಿಲಕಿಗೆ ಪ್ರತ್ಯೇಕ ನಿಯಮವಿದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯಿಂದ ಬಿಡಿ ಚೂರು ಕಳಚಿ ಬರುವಂತಿಲ್ಲ ಎಂಬ ನಿಯಮವೂ ಇದೆ. ಬುಗುರಿ, ಉಂಗುರ ಪೇರಿಸುವ ಗೋಪುರ, ಎಳೆದುಕೊಂಡು ಹೋಗುವ ಬಂಡಿ ಇವುಗಳಲ್ಲಿ ಬಂಡಿಯ ಚಕ್ರದ ಮೊಳೆಯೇ ಮೊದಲು ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಾಗ. ಸಣ್ಣ ಪ್ರಮಾಣದ ತಯಾರಕರೆಂದು ಆಯೋಗದಲ್ಲಿ ನೋಂದಾಯಿಸಿಕೊಂಡರೆ, ಒಂದು ಉತ್ಪನ್ನ ವರ್ಷಕ್ಕೆ 7,500 ನಗಕ್ಕಿಂತ ಹೆಚ್ಚಾಗದಿದ್ದಲ್ಲಿ ಮತ್ತು ಒಟ್ಟು ವಹಿವಾಟು ನಿಗದಿತ ಮಿತಿಯೊಳಗಿದ್ದಲ್ಲಿ, ಕೆಲವು ಪರೀಕ್ಷೆಗಳನ್ನು ಹೊರಗಿನ ಪ್ರಯೋಗಾಲಯದಲ್ಲಿ ಮಾಡಿಸುವುದರಿಂದ ಬಿಡುಗಡೆ ಸಿಗುತ್ತದೆ. ಆದರೆ ಬಣ್ಣದಲ್ಲಿನ ಸೀಸ, ಬಿಡಿ ಚೂರು, ಗಿಲಕಿ ಈ ಪರೀಕ್ಷೆಗಳಿಂದ ಯಾರಿಗೂ ಬಿಡುಗಡೆಯಿಲ್ಲ. ಪ್ರಮಾಣಪತ್ರದ ವಿವರಗಳನ್ನು ಆಮದಿನ ಹೊತ್ತಿಗೇ ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸಬೇಕೆಂಬ ನಿಯಮಕ್ಕೆ 2026ರ ಜುಲೈ 8 ಗಡುವಿನ ದಿನಾಂಕ. ಇದಲ್ಲದೆ ಅಮೆಜಾನ್ ಕೂಡ ತನ್ನ ತಾಣದಲ್ಲಿ ಆಟಿಕೆಯ ಪುಟ ತೆರೆಯುವಾಗ ಇದೇ ವರದಿಗಳನ್ನು ಕೇಳುತ್ತದೆ, ಮುಂದೆ ಯಾವಾಗ ಬೇಕಾದರೂ ಮತ್ತೆ ಕೇಳಬಹುದು. ವರದಿಯಲ್ಲಿರುವ ಆಟಿಕೆಯ ಹೆಸರು, ಚಿತ್ರ, ಮಾದರಿ ಸಂಖ್ಯೆ ಇವೆಲ್ಲ ಪುಟದಲ್ಲಿರುವುದರೊಂದಿಗೆ ಅಕ್ಷರಶಃ ಹೊಂದಿಕೆಯಾಗುವಂತೆ ಪ್ರಯೋಗಾಲಯಕ್ಕೆ ಮಾದರಿ ಕಳುಹಿಸುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.

ಮುಂದಿನ ಪ್ರಶ್ನೆ, ಅಮೆರಿಕದ ಕಸ್ಟಮ್ಸ್ ದಾಖಲೆಯಲ್ಲಿ ಆಮದುದಾರ ಯಾರು ಎಂಬುದು. ಗೋದಾಮು ಅಮೆಜಾನಿನದಾದರೂ ಅಮೆಜಾನ್ ಆಮದುದಾರನಾಗಿ ತನ್ನ ಹೆಸರು ಕೊಡುವುದಿಲ್ಲ. ಈ ವಿಷಯದಲ್ಲಿ ಅದರ ನೀತಿ ಸ್ಪಷ್ಟವಾಗಿದೆ. ಮಾರಾಟಗಾರನೇ ವಿದೇಶಿ ಆಮದುದಾರನಾಗಿ ನೋಂದಾಯಿಸಿಕೊಂಡು, ಕಸ್ಟಮ್ಸ್ ಬಾಂಡ್ (ಸುಂಕ ಪಾವತಿಯ ಖಾತರಿ ಪತ್ರ) ಪಡೆದು, ಅಲ್ಲೊಬ್ಬ ಪ್ರತಿನಿಧಿಯನ್ನು ಇಟ್ಟುಕೊಳ್ಳಬಹುದು. ಇಲ್ಲವೇ ಸುಂಕವನ್ನೂ ಸೇರಿಸಿ ಗೋದಾಮಿನವರೆಗೆ ತಲುಪಿಸಿಕೊಡುವ ಸಾಗಣೆ ಏಜೆಂಟರಿಗೆ ಒಪ್ಪಿಸಬಹುದು. ಎರಡನೆಯದು ಸುಲಭವಾಗಿ ಕಾಣುತ್ತದೆ, ಆದರೆ ದಾಖಲೆಯಲ್ಲಿ ಏನು ಬರೆಯುತ್ತಾರೆಂಬುದನ್ನು ಕಣ್ಣಾರೆ ನೋಡದೆ ಸಹಿ ಹಾಕಬಾರದು. ನಮ್ಮದೊಂದು ಸರಕನ್ನು ಏಜೆಂಟರೊಬ್ಬರು ಸುಂಕದ ಪಟ್ಟಿಯಲ್ಲಿ ಆಟಿಕೆಗಳ 9503ರ ಶೀರ್ಷಿಕೆಯಡಿ ತೋರಿಸದೆ ಮರದ ಅಲಂಕಾರಿಕ ವಸ್ತುಗಳ 4420ರಡಿ ತೋರಿಸಿದ್ದರು. ಪೆಟ್ಟಿಗೆ ತೆರೆದಾಗ ಒಳಗೆ ಆಟಿಕೆ, ಮೇಲೆ ಮಕ್ಕಳ ವಯಸ್ಸಿನ ಗುರುತು, ಕಾಗದದಲ್ಲಿ ಬೇರೇನೋ. ಸರಕು ವಾರಗಟ್ಟಲೆ ನಿಂತಿತು, ನಿಂತ ದಿನಗಳ ಬಾಡಿಗೆಯೂ ನಮ್ಮ ತಲೆಗೇ ಬಂತು. ಅಂದಿನಿಂದ ಕರಡು ದಾಖಲೆಯನ್ನು ಮೊದಲು ತರಿಸಿಕೊಂಡು, ಸಾಲು ಸಾಲಾಗಿ ಓದಿ, ಅನಂತರವೇ ಪೆಟ್ಟಿಗೆಗಳನ್ನು ಲಾರಿಗೆ ಏರಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ಮರದ ವಸ್ತುವಾದ್ದರಿಂದ ಅಕ್ರಮವಾಗಿ ಕಡಿದ ಮರದ ವ್ಯಾಪಾರ ತಡೆಯುವ ಅಮೆರಿಕದ ಲೇಸಿ ಕಾಯ್ದೆಯಡಿ ಮರದ ಸಸ್ಯಶಾಸ್ತ್ರೀಯ ಹೆಸರು, ಕಡಿದ ದೇಶ, ಪ್ರಮಾಣ ಇವುಗಳ ಘೋಷಣೆಯೂ ಬೇಕಾಗುತ್ತದೆ. ನಮ್ಮ ಆಲೆ ಮರಕ್ಕೆ ರೈಟಿಯಾ ಟಿಂಕ್ಟೋರಿಯಾ ಎಂದು ಬರೆಯಬೇಕು. ‘ಕಾಡುಮರ’, ‘ಮೃದು ಮರ’ ಎಂಬಂಥ ಹೆಸರುಗಳು ಅಲ್ಲಿ ನಡೆಯುವುದಿಲ್ಲ.

ಸುಂಕದ ವಿಚಾರದಲ್ಲಿ 2025 ಎಲ್ಲ ರಫ್ತುದಾರರನ್ನೂ ಅಲುಗಾಡಿಸಿದ ವರ್ಷ. 9503ರ ಆಟಿಕೆಗೆ ಅಮೆರಿಕದ ಮೂಲ ಸುಂಕ ಶೂನ್ಯ. ಆದರೆ ಭಾರತದ ಸರಕಿನ ಮೇಲೆ ಆ ವರ್ಷದ ಆಗಸ್ಟ್ 7ರಿಂದ ಶೇ 25, ಆಗಸ್ಟ್ 27ರಿಂದ ಇನ್ನೂ ಶೇ 25 ಸೇರಿ ಒಟ್ಟು ಶೇ 50 ಹೆಚ್ಚುವರಿ ಸುಂಕ ಬಿತ್ತು. ಅದರ ಎರಡೇ ದಿನಗಳ ಅನಂತರ, ಆಗಸ್ಟ್ 29ರಂದು, 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಎಲ್ಲ ದೇಶಗಳಿಗೂ ಇದ್ದ ಸುಂಕ ವಿನಾಯಿತಿಯೂ ನಿಂತುಹೋಯಿತು. ಮುಂದೆ ದರಗಳು ಬದಲಾಗಿವೆ, ಇನ್ನೂ ಬದಲಾಗಬಹುದು. ಸರಕು ಹೊರಡುವ ವಾರದ ದರವನ್ನೇ ಹಿಡಿದು ಲೆಕ್ಕ ಹಾಕಬೇಕು. ದರ ಎಷ್ಟೇ ಇರಲಿ, ಈ ಬದಲಾವಣೆ ಎರಡು ದಾರಿಗಳ ನಡುವಿನ ತೂಕವನ್ನು ಬದಲಿಸಿದೆ ಎಂಬುದು ನನ್ನ ಅಭಿಪ್ರಾಯ. ಹಿಂದೆ ಒಂದೊಂದಾಗಿ ಪಾರ್ಸೆಲ್ ಕಳುಹಿಸುವವನಿಗೆ ಸುಂಕವೇ ಇರಲಿಲ್ಲ. ಒಟ್ಟಾಗಿ ಗೋದಾಮಿಗೆ ಕಳುಹಿಸುವವನು ಮಾತ್ರ ಪೂರ್ತಿ ಕಸ್ಟಮ್ಸ್ ಪ್ರಕ್ರಿಯೆಗೆ ಒಳಗಾಗುತ್ತಿದ್ದ. ಈಗ ಇಬ್ಬರಿಗೂ ಸುಂಕವಿದೆ, ಆದರೆ ಅದನ್ನು ಲೆಕ್ಕ ಹಾಕುವ ಮೌಲ್ಯ ಬೇರೆ. 20 ಡಾಲರ್‌ಗೆ ಮಾರಿದ ಆಟಿಕೆಯನ್ನು ಗ್ರಾಹಕನಿಗೆ ನೇರವಾಗಿ ಕಳುಹಿಸಿದರೆ ಸುಂಕ ಬೀಳುವುದು ಆ 20 ಡಾಲರ್ ಮೇಲೆ. ಅದೇ ಆಟಿಕೆ 6 ಡಾಲರ್ ಮೌಲ್ಯದಲ್ಲಿ ಒಟ್ಟು ಸರಕಿನೊಂದಿಗೆ ಹೋದರೆ ಸುಂಕ 6 ಡಾಲರ್ ಮೇಲೆ. ಶೇ 50ರ ದರದಲ್ಲಿ ಇದು 10 ಡಾಲರ್‌ಗೂ 3 ಡಾಲರ್‌ಗೂ ಇರುವ ವ್ಯತ್ಯಾಸ. ಆ ಮೌಲ್ಯ ನಿಜವಾದ ತಯಾರಿಕಾ ವೆಚ್ಚ ಮತ್ತು ನ್ಯಾಯವಾದ ಲಾಭವನ್ನು ಒಳಗೊಂಡಿರಬೇಕು. ಇನ್ನೂ ಇಳಿಸಿ ಬರೆಯೋಣ ಎನ್ನುವ ಏಜೆಂಟರ ಮಾತಿಗೆ ಕಿವಿಗೊಡಬಾರದು, ಏಕೆಂದರೆ ದಂಡ ಬೀಳುವುದು ಆಮದುದಾರನೆಂದು ಹೆಸರು ಕೊಟ್ಟವನಿಗೆ. ಇನ್ನೊಂದು ಕಡೆ, ಗೋದಾಮಿಗೆ ಹೋದ ಮಾಲಿಗೆ ಮಾರಾಟವಾಗುವ ಮುಂಚೆಯೇ ಸುಂಕ ಕಟ್ಟಿ ಆಗಿರುತ್ತದೆ. ಮಾರಾಟವಾಗದೆ ಉಳಿದ ಆಟಿಕೆಯ ಸುಂಕ ತಿರುಗಿ ಕೈಗೆ ಬರುತ್ತದೆಂದು ನಂಬಿಕೊಂಡು ಕೂರುವಂತಿಲ್ಲ.

ಪ್ಯಾಕಿಂಗ್ ಮೇಜಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ವಿವರಿಸುತ್ತೇನೆ, ಏಕೆಂದರೆ ಹೊಸಬರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅರಗು ಬಿಸಿಗೆ ಮೆದುವಾಗುವ ವಸ್ತು. ಹೊಳಪು ತೀಡಿದ ಆಟಿಕೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ನೇರವಾಗಿ ಹಾಕಿ ಕಂಟೈನರಿನಲ್ಲಿ ಕಳುಹಿಸಿದರೆ, ಬಿಸಿಲಿಗೆ ಕಾದ ಕಬ್ಬಿಣದ ಪೆಟ್ಟಿಗೆಯೊಳಗೆ ಚೀಲದ ಮಡಿಕೆಯ ಗುರುತು ಬಣ್ಣದ ಮೇಲೆ ಅಚ್ಚೊತ್ತಿ ಕೂರುತ್ತದೆ. ಆದ್ದರಿಂದ ಮೊದಲು ಬೆಣ್ಣೆ ಕಾಗದ, ಅದರ ಮೇಲೆ ರಟ್ಟಿನ ಡಬ್ಬಿ. ಚೀಲ ಬಳಸುವುದೇ ಆದರೆ, ಅದರ ಬಾಯಿ 5 ಅಂಗುಲ ಅಥವಾ ಹೆಚ್ಚಿಗೆ ಅಗಲವಿದ್ದಲ್ಲಿ, ಉಸಿರುಗಟ್ಟುವ ಅಪಾಯದ ಎಚ್ಚರಿಕೆ ಮುದ್ರಿತವಾಗಿರಬೇಕು. ನಮ್ಮೂರಿನಲ್ಲಿ ಪೆಟ್ಟಿಗೆಯ ಸಂದಿಗಳಿಗೆ ಹುಲ್ಲನ್ನೋ ಕತ್ತರಿಸಿದ ಕಾಗದದ ಎಳೆಗಳನ್ನೋ ತುಂಬುವುದು ರೂಢಿ. ಎಫ್‌ಬಿಎ ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ, ಗಾಳಿ ತುಂಬಿದ ಚೀಲ, ಗುಳ್ಳೆ ಹಾಳೆ, ಪೂರ್ತಿ ಕಾಗದದ ಹಾಳೆಯಂಥವು ಮಾತ್ರ ನಡೆಯುತ್ತವೆ. ಪ್ರತಿ ಡಬ್ಬಿಗೂ ಎಕ್ಸ್00ಯಿಂದ ಆರಂಭವಾಗುವ ಅಮೆಜಾನಿನ ಬಾರ್‌ಕೋಡ್ ಲೇಬಲ್ ಬೇಕು. ಡಬ್ಬಿಯ ಮೇಲೆ ಬೇರೆ ಯಾವುದಾದರೂ ಬಾರ್‌ಕೋಡ್ ಮುದ್ರಿತವಾಗಿದ್ದರೆ ಅದು ಪೂರ್ತಿ ಮುಚ್ಚಿಹೋಗುವಂತೆ, ಅಂಚಿನ ತಿರುವಿನಲ್ಲಿ ಮಡಚದಂತೆ ಅಂಟಿಸಬೇಕು. ಒಂದೇ ಬಂಡಿ ಎರಡು ಬಣ್ಣದಲ್ಲಿದ್ದರೆ ಎರಡು ಬೇರೆ ಕೋಡ್‌ಗಳು. ಸಂಜೆ ದಣಿದ ಕೈಯಲ್ಲಿ ಕೆಂಪು ಬಂಡಿಯ ಲೇಬಲ್ ಹಳದಿ ಬಂಡಿಯ ಡಬ್ಬಿಗೆ ಹೋದರೆ, ಎರಡು ತಿಂಗಳ ಅನಂತರ ಸಾಗರದಾಚೆ ಗ್ರಾಹಕನ ಮನೆಯಲ್ಲಿ ಅದು ಗೊತ್ತಾಗುತ್ತದೆ. ಆದ್ದರಿಂದ ಒಂದು ಸಮಯಕ್ಕೆ ಒಂದೇ ಬಣ್ಣದ ಲೇಬಲ್ ಹಾಳೆ ಮೇಜಿನ ಮೇಲಿರಬೇಕೆಂಬ ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ. ಹೊರ ಪೆಟ್ಟಿಗೆಯ ತೂಕ 50 ಪೌಂಡ್, ಅಂದರೆ ಸುಮಾರು 22.7 ಕಿಲೋ, ಮೀರುವಂತಿಲ್ಲ. ಬದಿಗಳ ಅಳತೆಗೂ ಮಿತಿಯಿದೆ.

ಬಾಗಿಲು ದಾಟಿದ ಮೇಲಿನ ಸೇವೆಯನ್ನು ಮನಸಾರೆ ಹೊಗಳಬೇಕು. ಪೆಟ್ಟಿಗೆ ಸ್ವೀಕೃತವಾದ ಮೇಲೆ ಪ್ರೈಮ್ (ಬೇಗ ತಲುಪಿಸುವ ಅಮೆಜಾನಿನ ಸದಸ್ಯತ್ವ ಸೇವೆ) ಗುರುತು ಸಿಗುತ್ತದೆ, ಗ್ರಾಹಕನಿಗೆ ಒಂದೆರಡು ದಿನಗಳಲ್ಲಿ ಆಟಿಕೆ ತಲುಪುತ್ತದೆ. ಚನ್ನಪಟ್ಟಣದಿಂದ ಒಂದೊಂದೇ ಪಾರ್ಸೆಲ್ ಕಳುಹಿಸಿ ಎರಡು ಮೂರು ವಾರ ಕಾಯಿಸುತ್ತಿದ್ದಾಗ, ಮಗುವಿನ ಹುಟ್ಟುಹಬ್ಬಕ್ಕೆಂದು ಹುಡುಕಿ ಬಂದ ಗ್ರಾಹಕರು ನಮ್ಮ ಪುಟವನ್ನು ನೋಡಿ ಮುಂದೆ ಹೋಗುತ್ತಿದ್ದರು. ವಿತರಣೆ ತಡವಾಯಿತು, ಪೆಟ್ಟಿಗೆ ಜಜ್ಜಿತ್ತು ಎಂಬ ಕಾರಣಕ್ಕೆ ಗ್ರಾಹಕ ಕೊಟ್ಟ ಕೆಟ್ಟ ಅಭಿಪ್ರಾಯವನ್ನು ಅಮೆಜಾನ್ ತನ್ನ ಹೊಣೆಯೆಂದು ಒಪ್ಪಿಕೊಂಡು ಮಾರಾಟಗಾರನ ಲೆಕ್ಕದಿಂದ ತೆಗೆಯುತ್ತದೆ. ರಾತ್ರಿ ಎರಡು ಗಂಟೆಗೆ ಅಮೆರಿಕದ ಗ್ರಾಹಕರ ಪ್ರಶ್ನೆಗೆ ಉತ್ತರಿಸಲು ಇಲ್ಲಿ ಯಾರೂ ಎಚ್ಚರವಿರಬೇಕಾಗಿಲ್ಲ. ಒಂದು ಸಣ್ಣ ಘಟಕದ ಮಟ್ಟಿಗೆ ಇದು ದೊಡ್ಡ ಬಿಡುಗಡೆ. ಲೇತ್ ಮುಂದೆ ಕೂರುವವರು ಲೇತ್ ಮುಂದೆಯೇ ಕೂರಬಹುದು.

ಆ ಬಿಡುಗಡೆಯ ಬೆಲೆಯನ್ನು ನೋಡೋಣ. ಅಮೆರಿಕದಲ್ಲಿ ವೃತ್ತಿಪರ ಮಾರಾಟಗಾರನ ಖಾತೆಗೆ ತಿಂಗಳಿಗೆ 39.99 ಡಾಲರ್. ಆಟಿಕೆಗೆ ಕಮಿಷನ್ ಮಾರಾಟ ಬೆಲೆಯ ಶೇ 15. ಪ್ಯಾಕಿಂಗ್ ಮತ್ತು ವಿತರಣೆಯ ಶುಲ್ಕ ಅಳತೆ, ತೂಕಗಳ ಮೇಲೆ ನಿಂತಿದೆ. ಉಂಗುರ ಗೋಪುರದಂಥ ಮುಕ್ಕಾಲು ಪೌಂಡಿನ ಆಟಿಕೆಗೆ ಅದು ನಾಲ್ಕು ಡಾಲರ್ ದಾಟುತ್ತದೆ. ಸಂಗ್ರಹಣೆಯ ಬಾಡಿಗೆ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಘನ ಅಡಿಗೆ ತಿಂಗಳಿಗೆ 0.78 ಡಾಲರ್, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 2.40 ಡಾಲರ್. 8 ಅಂಗುಲ ಉದ್ದ, 4 ಅಂಗುಲ ಅಗಲ, 4 ಅಂಗುಲ ಎತ್ತರದ ಡಬ್ಬಿಗೆ ಇದು ತಿಂಗಳಿಗೆ ಸುಮಾರು 6 ಸೆಂಟ್, ಹಬ್ಬದ ಮೂರು ತಿಂಗಳಲ್ಲಿ ಸುಮಾರು 18 ಸೆಂಟ್. ಬಾಡಿಗೆ ಭಾರವಲ್ಲ, ಭಾರವಾಗುವುದು ವಿತರಣಾ ಶುಲ್ಕ. 20 ಡಾಲರ್ ಆಟಿಕೆಯಲ್ಲಿ ಕಮಿಷನ್‌ಗೆ 3, ವಿತರಣೆಗೆ ನಾಲ್ಕೂವರೆ ಎಂದಿಟ್ಟುಕೊಂಡರೆ ಉಳಿದ ಹನ್ನೆರಡೂವರೆ ಡಾಲರ್‌ನಲ್ಲಿ ಸಾಗಣೆ, ಸುಂಕ, ಪರೀಕ್ಷೆಯ ಪಾಲು, ಜಾಹೀರಾತು, ವಾಪಸು ಬಂದ ಮಾಲಿನ ನಷ್ಟ ಎಲ್ಲ ಕಳೆದು ತಯಾರಿಕೆಯ ವೆಚ್ಚ ಮತ್ತು ಲಾಭ ಹೊರಡಬೇಕು. 10 ಡಾಲರ್‌ನ ಬುಗುರಿಯಲ್ಲಿ ಈ ಲೆಕ್ಕ ಕೂಡಿ ಬರುವುದೇ ಇಲ್ಲ. ಹೀಗಾಗಿ ಮೂರು ಬುಗುರಿಗಳನ್ನು ಒಂದು ಡಬ್ಬಿಯಲ್ಲಿ ಸೇರಿಸಿ ಮಾರುವುದು ಅನಿವಾರ್ಯ. ವಿತರಣಾ ಶುಲ್ಕ ಡಬ್ಬಿಗೆ ಬೀಳುತ್ತದೆಯೇ ಹೊರತು ಬುಗುರಿಗೆ ಅಲ್ಲ. ಡಬ್ಬಿಯ ಅಳತೆಯನ್ನು ಅರ್ಧ ಅಂಗುಲ ತಗ್ಗಿಸಿದರೂ ಲಾಭ. ಪೌಂಡಿನಲ್ಲಿ ಹೇಳುವ ಗಾತ್ರದ ತೂಕವನ್ನು ಅಂಗುಲದಲ್ಲಿ ಅಳೆದ ಉದ್ದ, ಅಗಲ, ಎತ್ತರಗಳ ಗುಣಲಬ್ಧವನ್ನು 139ರಿಂದ ಭಾಗಿಸಿ ತೆಗೆಯುವುದರಿಂದ ಟೊಳ್ಳು ಡಬ್ಬಿಗೂ ಗಟ್ಟಿ ಡಬ್ಬಿಯಷ್ಟೇ ದರ ಬೀಳಬಹುದು. ಚಪ್ಪಟೆಯಾದ ಸಣ್ಣ ವಸ್ತುಗಳಿಗೆ, ಅಂದರೆ ದಪ್ಪ 0.75 ಅಂಗುಲದೊಳಗಿದ್ದು ತೂಕ 16 ಔನ್ಸ್ ಮೀರದವುಗಳಿಗೆ, ಇನ್ನೂ ಕಡಿಮೆ ದರವಿದೆ. ಅರಗಿನ ಕಿವಿಯೋಲೆ, ಚಪ್ಪಟೆ ಒಗಟಿನ ತುಂಡುಗಳನ್ನು ಈ ಮಿತಿಯೊಳಗೆ ತರಲು ಸಾಧ್ಯವಿದೆ.

2024ರಿಂದ ಸೇರಿಕೊಂಡ ಎರಡು ಶುಲ್ಕಗಳು ದೂರದ ದೇಶದ ಮಾರಾಟಗಾರನಿಗೆ ವಿಶೇಷವಾಗಿ ತೊಂದರೆ ಕೊಡುತ್ತವೆ ಎಂಬುದು ಈ ಸೇವೆಯ ಬಗ್ಗೆ ನನ್ನ ಮುಖ್ಯ ಆಕ್ಷೇಪ. ಮೊದಲನೆಯದು ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂದ ಒಳಬರುವ ಸರಕಿನ ಹಂಚಿಕೆ ಶುಲ್ಕ. ಮಾಲನ್ನು ನಾವೇ ಐದಾರು ಊರುಗಳ ಗೋದಾಮುಗಳಿಗೆ ಹಂಚಿ ಕಳುಹಿಸಿದರೆ ಶುಲ್ಕವಿಲ್ಲ. ಒಂದೇ ಕಡೆ ಇಳಿಸಿದರೆ ನಗವೊಂದಕ್ಕೆ ಇಷ್ಟೆಂದು ಕೊಡಬೇಕು. ಅಮೆರಿಕದ ಮಾರಾಟಗಾರನಿಗೆ ಇದು ಆಯ್ಕೆ. ಚೆನ್ನೈ ಬಂದರಿನಿಂದ ಹತ್ತಾರು ಪೆಟ್ಟಿಗೆ ಕಳುಹಿಸುವವನಿಗೆ ಅದನ್ನು ಐದು ಊರಿಗೆ ಹರಡುವ ಖರ್ಚು ಶುಲ್ಕಕ್ಕಿಂತ ಹೆಚ್ಚು, ಹೀಗಾಗಿ ಶುಲ್ಕ ಕೊಡುವುದೇ ದಾರಿ. ಎರಡನೆಯದು ದಾಸ್ತಾನು ಕಡಿಮೆಯಾದರೆ ಬೀಳುವ ಶುಲ್ಕ. ಮಾರಾಟದ ವೇಗಕ್ಕೆ ಹೋಲಿಸಿದಾಗ 28 ದಿನಗಳಿಗಿಂತ ಕಡಿಮೆ ದಾಸ್ತಾನು ಇದ್ದರೆ ಪ್ರತಿ ನಗಕ್ಕೂ ಹೆಚ್ಚುವರಿ ಕೊಡಬೇಕು. ದಾಸ್ತಾನು 181 ದಿನ ದಾಟಿ ಕುಳಿತರೆ ಹಳೆಯ ಮಾಲಿನ ಶುಲ್ಕ ಬೇರೆ. ಹಡಗಿನಲ್ಲಿ ಒಂದೂವರೆ ಎರಡು ತಿಂಗಳು ಹಿಡಿಯುವ, ಕೆಂಪು ಸಮುದ್ರದ ಗಲಭೆಯ ಅನಂತರ ಆಫ್ರಿಕಾದ ತುದಿ ಸುತ್ತಿ ಹೋಗಬೇಕಾಗಿ ಬಂದು ಇನ್ನಷ್ಟು ಅನಿಶ್ಚಿತವಾದ ದಾರಿಯಲ್ಲಿ ಕುಳಿತು, 28 ಮತ್ತು 181ರ ನಡುವೆ ದಾಸ್ತಾನನ್ನು ನಿಲ್ಲಿಸುವುದು ಕಷ್ಟದ ಕೆಲಸ. ಒಂದೇ ಮಾದರಿಯನ್ನು ತಿಂಗಳು ತಿಂಗಳು ಒಂದೇ ಪ್ರಮಾಣದಲ್ಲಿ ಮಾರುವವನಿಗೆ ಇದು ಸಾಧ್ಯ. ಕೈಯಲ್ಲಿ ಬಿಡಿಬಿಡಿಯಾಗಿ ತಯಾರಾಗುವ, ಪ್ರತಿಯೊಂದೂ ಬೇರೆಯಾಗಿರುವ ವಸ್ತುಗಳಿಗೆ ಈ ಸೇವೆ ಹೊಂದುವುದಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ದಸರೆಯ ಗೊಂಬೆಗಳನ್ನು ಹೊರನಾಡ ಕನ್ನಡಿಗರು ಬಹಳ ಆಸೆಯಿಂದ ಕೇಳುತ್ತಾರೆ, ಆದರೆ ಅವು ಮಾರಾಟವಾಗುವುದು ವರ್ಷದಲ್ಲಿ ಕೆಲವೇ ವಾರ. ಅವನ್ನು ನಾವು ಎಫ್‌ಬಿಎಗೆ ಕಳುಹಿಸುವುದಿಲ್ಲ. ಮುಂಗಡ ಬೇಡಿಕೆ ಪಡೆದು ಕೊರಿಯರ್‌ನಲ್ಲಿ ನೇರವಾಗಿ ಕಳುಹಿಸುತ್ತೇವೆ, ಸುಂಕ ಎಷ್ಟೆಂದು ಮೊದಲೇ ತಿಳಿಸುತ್ತೇವೆ.

ವಾಪಸು ಬರುವ ಮಾಲಿನ ಬಗ್ಗೆಯೂ ಹೇಳಬೇಕು. ನವೆಂಬರ್, ಡಿಸೆಂಬರ್‌ಗಳಲ್ಲಿ ಕೊಂಡ ವಸ್ತುವನ್ನು ಜನವರಿ ಕೊನೆಯವರೆಗೂ ಹಿಂತಿರುಗಿಸಲು ಅವಕಾಶವಿರುವುದರಿಂದ ಕ್ರಿಸ್‌ಮಸ್‌ನ ಒಳ್ಳೆಯ ಮಾರಾಟದ ನಿಜವಾದ ಲೆಕ್ಕ ಸಿಗುವುದು ಫೆಬ್ರವರಿಯಲ್ಲಿ. ಡಬ್ಬಿ ತೆರೆದ ಆಟಿಕೆ ಮತ್ತೆ ಮಾರಲು ಯೋಗ್ಯವಲ್ಲ ಎಂದು ಗೋದಾಮು ನಿರ್ಧರಿಸಿದರೆ ಅದನ್ನು ಅಲ್ಲಿಂದ ತೆಗೆಸಬೇಕು ಅಥವಾ ವಿಲೇವಾರಿ ಮಾಡಿಸಬೇಕು; ಭಾರತಕ್ಕೆ ತರಿಸುವ ಖರ್ಚು ಆಟಿಕೆಯ ಬೆಲೆಗಿಂತ ಹೆಚ್ಚು. ಗೋದಾಮಿನಲ್ಲಿ ಕಳೆದುಹೋದ ಅಥವಾ ಹಾಳಾದ ಮಾಲಿಗೆ ಪರಿಹಾರ ಸಿಗುತ್ತದೆ, ಆದರೆ 2025ರ ಮಾರ್ಚ್‌ನಿಂದ ಆ ಪರಿಹಾರವನ್ನು ಮಾರಾಟ ಬೆಲೆಯ ಮೇಲೆ ಲೆಕ್ಕ ಹಾಕದೆ ತಯಾರಿಕೆ ಅಥವಾ ಖರೀದಿಯ ವೆಚ್ಚದ ಮೇಲೆ ಲೆಕ್ಕ ಹಾಕಲಾಗುತ್ತಿದೆ. ಸಾಗಣೆಗೆ, ಸುಂಕಕ್ಕೆ ನಾವು ಹಾಕಿದ ಹಣ ಅದರಲ್ಲಿ ಸೇರುವುದಿಲ್ಲ ಎಂಬುದು ವಿದೇಶದ ಮಾರಾಟಗಾರನಿಗೆ ಅನ್ಯಾಯವೇ ಸರಿ. ತಯಾರಿಕಾ ವೆಚ್ಚವನ್ನು ಖಾತೆಯಲ್ಲಿ ನಾವೇ ದಾಖಲೆ ಸಮೇತ ನಮೂದಿಸದಿದ್ದರೆ ಅಮೆಜಾನ್ ತನ್ನ ಅಂದಾಜನ್ನು ಬಳಸುತ್ತದೆ. ತಿಂಗಳಿಗೆ 10,000 ಡಾಲರ್ ಮಾರಾಟ ದಾಟಿದವರು ಹೊಣೆಗಾರಿಕೆ ವಿಮೆಯನ್ನೂ ಮಾಡಿಸಬೇಕು.

ಹಣ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ, ಶುಲ್ಕಗಳೆಲ್ಲ ಕಳೆದು, ಬ್ಯಾಂಕಿಗೆ ಬರುತ್ತದೆ. ತೊಡಕು ಅದರಾಚೆ ಇದೆ. ಕಸ್ಟಮ್ಸ್‌ನಲ್ಲಿ ಸಲ್ಲಿಸಿದ ಪ್ರತಿ ಶಿಪ್ಪಿಂಗ್ ಬಿಲ್ (ರಫ್ತಿನ ಘೋಷಣಾ ಪತ್ರ), ರಫ್ತಿನ ಹಣ ಬಂದಿದೆಯೇ ಎಂದು ನೋಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ತೆರೆದ ಲೆಕ್ಕವಾಗಿ ನಿಲ್ಲುತ್ತದೆ. ಅಷ್ಟೂ ಹಣ ಬಂದಿತೆಂದು ತೋರಿಸಿ ಅದನ್ನು ಮುಚ್ಚಿಸಬೇಕು. ಒಂದು ಬಿಲ್ಲಿನ ಮಾಲು ಆರು ತಿಂಗಳಲ್ಲಿ ಹತ್ತಾರು ಕಂತುಗಳಾಗಿ ಹಣವಾಗಿ ಬರುತ್ತದೆ, ಒಂದು ಕಂತಿನಲ್ಲಿ ಎರಡು ಮೂರು ಬಿಲ್ಲುಗಳ ಹಣ ಬೆರೆತಿರುತ್ತದೆ. ಸಾಂಪ್ರದಾಯಿಕ ರಫ್ತಿಗೆ ಒಗ್ಗಿಕೊಂಡ ಬ್ಯಾಂಕಿನ ಶಾಖೆಗಳಲ್ಲಿ ಇದನ್ನು ಅರ್ಥ ಮಾಡಿಸುವುದು ತಾಳ್ಮೆಯ ಕೆಲಸ. ಎರಡು ವಾರಕ್ಕೊಮ್ಮೆ ಅಮೆಜಾನಿನ ಲೆಕ್ಕಪತ್ರವನ್ನು ಇಳಿಸಿಕೊಂಡು, ಯಾವ ಕೋಡಿನ ಎಷ್ಟು ನಗ ಯಾವ ಬಿಲ್ಲಿನದು ಎಂದು ಹೊಂದಿಸಿಟ್ಟರೆ ವರ್ಷದ ಕೊನೆಯಲ್ಲಿ ಕಷ್ಟವಾಗುವುದಿಲ್ಲ.

ಚನ್ನಪಟ್ಟಣದ ಹೆಸರಿನ ಬಗ್ಗೆ ಒಂದು ಮಾತು. ಇಲ್ಲಿನ ಆಟಿಕೆಗೆ ಭಾರತದಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆದರೆ ಹೆಸರಿನ ದುರುಪಯೋಗ ತಡೆಯಲು ನೆರವಾಗುವ ಅಮೆಜಾನಿನ ಬ್ರ್ಯಾಂಡ್ ನೋಂದಣಿಗೆ ಬೇಕಾದದ್ದು ಟ್ರೇಡ್‌ಮಾರ್ಕ್. ಭೌಗೋಳಿಕ ಗುರುತು ಅದಕ್ಕೆ ಸಾಲದು. ಹೀಗಾಗಿ ಬೇರೆಲ್ಲೋ ತಯಾರಾದ ಬಣ್ಣದ ಮರದ ಆಟಿಕೆಯನ್ನು ಅಲ್ಲಿ ಚನ್ನಪಟ್ಟಣದ ಹೆಸರಿನಲ್ಲಿ ಮಾರುವವನನ್ನು ತಡೆಯಲು ಸಣ್ಣ ಘಟಕದ ಕೈಯಲ್ಲಿ ಗಟ್ಟಿಯಾದ ಸಾಧನವಿಲ್ಲ. ಸ್ವಂತ ಟ್ರೇಡ್‌ಮಾರ್ಕ್‌ಗೆ ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ವಿದೇಶಕ್ಕೆ ಕಳುಹಿಸುವ ಯೋಚನೆ ಬಂದ ದಿನವೇ ಅದನ್ನು ಸಲ್ಲಿಸುವುದು ಒಳ್ಳೆಯದು. ಆದರೆ ಅದರಿಂದ ಉಳಿಯುವುದು ಒಂದು ಘಟಕದ ಹೆಸರು ಮಾತ್ರ, ತಲೆಮಾರುಗಳಿಂದ ಲೇತ್ ನಡೆಸಿದವರೆಲ್ಲ ಸೇರಿ ಕಟ್ಟಿದ ಊರಿನ ಹೆಸರಲ್ಲ. ಕರಕುಶಲ ವಸ್ತುಗಳ ರಫ್ತಿನ ಬಗ್ಗೆ ಹೆಮ್ಮೆಯಿಂದ ಪ್ರಚಾರ ಮಾಡುವ ಕಂಪನಿ, ಭೌಗೋಳಿಕ ಗುರುತನ್ನೂ ತನ್ನ ನೋಂದಣಿಯಲ್ಲಿ ಮಾನ್ಯ ಮಾಡುವುದು ನ್ಯಾಯ, ಅದು ಕಷ್ಟದ ಕೆಲಸವೂ ಅಲ್ಲ.

ಯುರೋಪಿಗೆ ಹೋಗುವ ಯೋಚನೆಯನ್ನು ನಾವು ಸದ್ಯಕ್ಕೆ ಬದಿಗಿಟ್ಟಿದ್ದೇವೆ. ಅಲ್ಲಿ ಆಟಿಕೆಗೆ ಇಎನ್ 71 ಮಾನದಂಡದ ಪರೀಕ್ಷೆ ಮತ್ತು ಅಲ್ಲಿನ ನಿಯಮ ಪಾಲಿಸಿದ್ದೇವೆಂದು ಸಾರುವ ಸಿಇ ಗುರುತು ಬೇಕು, ಯುರೋಪಿಯನ್ ಒಕ್ಕೂಟದೊಳಗೆ ಒಬ್ಬ ಜವಾಬ್ದಾರ ಪ್ರತಿನಿಧಿ ಬೇಕು, ಮಾಲು ಇಟ್ಟ ದೇಶದಲ್ಲಿ ವ್ಯಾಟ್ ನೋಂದಣಿ ಬೇಕು. ಅಮೆರಿಕಕ್ಕೆಂದು ಮಾಡಿಸಿದ ಪರೀಕ್ಷೆಯ ವರದಿ ಅಲ್ಲಿ ನಡೆಯುವುದಿಲ್ಲ. ಅಮೆರಿಕದ ಮಟ್ಟಿಗೆ, 18ರಿಂದ 35 ಡಾಲರ್ ನಡುವೆ ಮಾರಬಹುದಾದ, ಒಂದು ಪೌಂಡಿನೊಳಗಿನ, ವರ್ಷವಿಡೀ ಬೇಡಿಕೆಯಿರುವ ಮೂರು ನಾಲ್ಕು ಮಾದರಿಗಳಿದ್ದು, ಪರೀಕ್ಷೆಗೂ ಮೊದಲ ಸರಕಿಗೂ ಹಾಕಿದ ಹಣ ಎಂಟು ಹತ್ತು ತಿಂಗಳು ತಿರುಗಿ ಬರದಿದ್ದರೂ ಕೆಲಸಗಾರರ ಕೂಲಿಗೆ ತೊಂದರೆಯಾಗದಂಥ ಘಟಕಗಳಿಗೆ ಈ ಸೇವೆಯನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಸಾಲದ ಹಣದಲ್ಲಿ ಮೊದಲ ಸರಕು ಕಳುಹಿಸಲು ಯೋಚಿಸುತ್ತಿರುವವರು, ಇಲ್ಲಿನ ತಾಣದಲ್ಲಿಯೇ ಅದೇ ಮಾದರಿಗಳನ್ನು ಒಂದು ವರ್ಷ ಮಾರಿ, ಯಾವುದು ತಿಂಗಳು ತಿಂಗಳೂ ಹೋಗುತ್ತದೆಂದು ತಿಳಿದುಕೊಂಡ ಮೇಲೆ ಪ್ರಯೋಗಾಲಯದ ಬಾಗಿಲು ತಟ್ಟಲಿ.